ಹಳೆಯ ಕಂಪ್ಯೂಟರ್ ಹಾರ್ಡ್ ಡಿಸ್ಕನ್ನು ಗುರುತಿಸದಿದ್ದರೆ: ಮಲೆನಾಡಿನವರಿಗೊಂದು ಮಾರ್ಗದರ್ಶಿ

ಪುನರ್ವಸು, ಪುಷ್ಯ ಮಳೆ ಹಿಡಿದು ಸುರಿಯುವ ದಿನಗಳಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯಿಂದ ಪೇಟೆಯ ರಿಪೇರಿ ಅಂಗಡಿಗಳಿಗೆ ಬರುವ ಹಳೆಯ ಸಿಪಿಯುಗಳ ದೂರು ಹೆಚ್ಚುಕಡಿಮೆ ಒಂದೇ: ‘ಹಾರ್ಡ್ ಡಿಸ್ಕ್ ಹೋಗಿದೆ.’ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಎರಡು ಸಾಲು ಕಂಡ ಕೂಡಲೇ ಮನೆಯವರ ತೀರ್ಪು ಹೊರಬಿದ್ದಿರುತ್ತದೆ. ನಾನು ಕಂಡಂತೆ ಈ ತೀರ್ಪು ಬಹುಪಾಲು ಅವಸರದ್ದು. ಹೋಗಿರುವುದು ಬ್ಯಾಟರಿ, ಕೇಬಲ್ ಇಲ್ಲವೇ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬ) ಆಗಿರುತ್ತದೆ. ಡಿಸ್ಕ್ ತನ್ನ ಪಾಡಿಗೆ ತಾನು ಗಟ್ಟಿಯಾಗಿಯೇ ಇರುತ್ತದೆ.

ಈ ಅವಸರದಿಂದ ಆಗುವ ನಷ್ಟ ಯಂತ್ರದ್ದಲ್ಲ. ಹಳೆಯ ಸಿಪಿಯುವಿಗೆ ಗುಜರಿಯಲ್ಲಿ ಎಷ್ಟು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರೊಳಗಿರುವ ತೋಟದ ಚೆಕ್‌ರೋಲ್, ಕಾಫಿ ಮತ್ತು ಕಾಳುಮೆಣಸಿನ ಲೆಕ್ಕ, ಟ್ಯಾಲಿ ಫೈಲುಗಳು, ಮಗಳ ಮದುವೆಯ ಫೋಟೋಗಳು ಮಾತ್ರ ಇನ್ನೆಲ್ಲೂ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಒಂದೇ ನಿಯಮದ ಮೇಲೆ ನಿಂತಿದೆ: ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಪರೀಕ್ಷಿಸಬಹುದಾದುದನ್ನೆಲ್ಲ ಮೊದಲು ಪರೀಕ್ಷಿಸಬೇಕು. ವಿಂಡೋಸ್ ಸಿ.ಡಿ. ಹಾಕುವುದು, ಫಾರ್ಮ್ಯಾಟ್ ಮಾಡುವುದು ಈ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ. ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದಂತಲ್ಲ ಸಾರ್’ ಎಂದು ಎಸ್ಟೇಟ್ ರೈಟರುಗಳು ಕೇಳುವುದುಂಟು. ಹೌದು, ಸರಿಹೋಗುತ್ತದೆ, ಲೆಕ್ಕವೂ ಹೋಗುತ್ತದೆ.

‘ಹಳೆಯದು’ ಎಂದರೆ ಇಲ್ಲಿ ಸುಮಾರು 2003ರಿಂದ 2013ರವರೆಗಿನ ಡೆಸ್ಕ್‌ಟಾಪ್‌ಗಳು, ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಓಡಿಸುವಂಥವು.

ಮೊದಲು ಕಿವಿ, ಆಮೇಲೆ ಕಣ್ಣು

ಸ್ವಿಚ್ ಹಾಕಿ ಕ್ಯಾಬಿನೆಟ್‌ಗೆ ಕಿವಿಗೊಡಿ. ಫ್ಯಾನಿನ ಸದ್ದಿನ ಹಿಂದೆ ಡಿಸ್ಕ್ ಮೆಲ್ಲಗೆ ವೇಗ ಹಿಡಿಯುವ ಗುಂಯ್ ಸದ್ದು ಬಂದರೆ ಅದು ಶುಭ ಲಕ್ಷಣ. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದು ನಿಲ್ಲುತ್ತಿದ್ದರೆ, ಕೆರೆಯುವ ಸದ್ದು ಬಂದರೆ, ಅಥವಾ ಡಿಸ್ಕಿನಿಂದಲೇ ಸಣ್ಣ ಬೀಪ್ ಕೇಳಿಸಿದರೆ ತಕ್ಷಣ ಆರಿಸಿ. ಮೊದಲ ಎರಡರಲ್ಲಿ ಒಳಗಿನ, ಡೇಟಾ ಓದುವ ಹೆಡ್ ಹಾಳಾಗಿರುವ ಸಾಧ್ಯತೆಯಿದೆ. ಮೂರನೆಯದರಲ್ಲಿ ಮೋಟಾರ್ ತಿರುಗಲಾರದೆ ತಿಣುಕುತ್ತಿರುತ್ತದೆ. ಇಂಥ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡುವುದೆಂದರೆ ಉಳಿದಿರುವ ಡೇಟಾವನ್ನು ಕೈಯಾರೆ ಕೆರೆದು ತೆಗೆದಂತೆ. ನಡುವಿನದನ್ನೆಲ್ಲ ಬಿಟ್ಟು ‘ಅಂಗಡಿಗೆ ಕೊಡುವಾಗ’ ಎಂಬ ಭಾಗಕ್ಕೆ ಹೋಗಿ.

ಸದ್ದು ಸರಿಯಿದ್ದರೆ ಪರದೆಯ ಸಂದೇಶವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದಿದ್ದರೆ ಯಂತ್ರಕ್ಕೆ ಬೂಟ್ ಮಾಡಲು, ಅಂದರೆ ವಿಂಡೋಸ್ ಆರಂಭಿಸಲು, ಏನೂ ಸಿಕ್ಕಿಲ್ಲ. ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದಿದ್ದರೆ ಯಾವುದೋ ಒಂದು ಡಿಸ್ಕ್ ಸಿಕ್ಕಿದೆ, ಅದರಲ್ಲಿ ವಿಂಡೋಸ್ ಸಿಕ್ಕಿಲ್ಲ. ಆ ‘ಯಾವುದೋ ಒಂದು’ ಎಷ್ಟೋ ಸಲ ಹಿಂದುಗಡೆ ಚುಚ್ಚಿ ಮರೆತಿರುವ ಪೆನ್‌ಡ್ರೈವ್ ಆಗಿರುತ್ತದೆ. ಆದ್ದರಿಂದ ಪೆನ್‌ಡ್ರೈವ್, ಕಾರ್ಡ್ ರೀಡರ್, ಪ್ರಿಂಟರ್, ಟ್ರೇಯಲ್ಲಿ ಉಳಿದ ಸಿ.ಡಿ. ಎಲ್ಲವನ್ನೂ ತೆಗೆದು ಇನ್ನೊಮ್ಮೆ ಆನ್ ಮಾಡಿ. ಇಷ್ಟರಲ್ಲೇ ಕೆಲಸ ಮುಗಿದರೆ ನೀವು ಅದೃಷ್ಟವಂತರು.

‘ಫ್ಲಾಪಿ ಡಿಸ್ಕ್ಸ್ ಫೇಲ್’ ಎಂಬ ಸಂದೇಶವನ್ನು ‘ಡಿಸ್ಕ್ ಫೇಲ್’ ಎಂದಷ್ಟೇ ಓದಿ ಗಾಬರಿಯಾಗುವವರಿದ್ದಾರೆ. ಅದು ನಿಮ್ಮ ಹಾರ್ಡ್ ಡಿಸ್ಕಿನ ಮಾತೇ ಅಲ್ಲ. ಯಂತ್ರದಲ್ಲಿ ಇಲ್ಲದ ಫ್ಲಾಪಿಯನ್ನು ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಮೂಲ ತಂತ್ರಾಂಶ) ಹುಡುಕುತ್ತಿದೆ, ಅಂದರೆ ಬಯಾಸ್ ತನ್ನ ನೆನಪನ್ನು ಕಳೆದುಕೊಂಡು ಕಾರ್ಖಾನೆಯ ಮೂಲ ಸ್ಥಿತಿಗೆ ಮರಳಿದೆ.

ಇದಕ್ಕೆ ವಿರುದ್ಧವಾಗಿ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರೀಪ್ಲೇಸ್’ ಎಂದು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಎಫ್1 ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ತಿಂಗಳುಗಟ್ಟಲೆ ಎಫ್1 ಒತ್ತುತ್ತಲೇ ಇರುವವರನ್ನು ಕಂಡಿದ್ದೇನೆ. ಡಿಸ್ಕ್ ತಾನೇ ನೋಟಿಸ್ ಕೊಟ್ಟಿದೆ. ಅಂದೇ ಫೈಲುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಬಯಾಸ್ ಒಳಗೆ

ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒಂದೇ ಸಮನೆ ತಟ್ಟುತ್ತಿದ್ದರೆ ಬಯಾಸ್ ತೆರೆದುಕೊಳ್ಳುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್10, ಲೆನೊವೊದಲ್ಲಿ ಎಫ್1. ಕೀಬೋರ್ಡ್ ಕೆಲಸವೇ ಮಾಡುತ್ತಿಲ್ಲ ಎನ್ನಿಸಿದರೆ ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೂಲ ಸ್ಥಿತಿಗೆ ಮರಳಿದ ಕೆಲವು ಹಳೆಯ ಬೋರ್ಡ್‌ಗಳು ಯುಎಸ್‌ಬಿ ಕೀಬೋರ್ಡನ್ನು ಈ ಹಂತದಲ್ಲಿ ಒಪ್ಪುವುದಿಲ್ಲ. ಯಂತ್ರವನ್ನು ಆರಿಸಿ, ಹಿಂಭಾಗದ ನೇರಳೆ ಬಣ್ಣದ ದುಂಡು ತೂತಿಗೆ ಹಳೆಯ ಪಿಎಸ್/2 ಕೀಬೋರ್ಡ್ ಹಾಕಿ ಆನ್ ಮಾಡಿ.

ಒಳಗೆ ಹೋದ ಮೇಲೆ ಮೊದಲು ನೋಡಬೇಕಾದದ್ದು ಡಿಸ್ಕಿನ ಪಟ್ಟಿಯನ್ನಲ್ಲ, ದಿನಾಂಕವನ್ನು. 2005 ಅಥವಾ 2009ರ ಜನವರಿ 1 ಎಂದು ತೋರಿಸುತ್ತಿದ್ದರೆ ಅಪರಾಧಿ ಹೆಚ್ಚುಕಡಿಮೆ ಸಿಕ್ಕಂತೆ. ಮದರ್‌ಬೋರ್ಡ್ ಮೇಲೆ ನಾಣ್ಯದಂತೆ ಕೂತಿರುವ 3 ವೋಲ್ಟಿನ ಸಿಆರ್ 2032 ಬ್ಯಾಟರಿ ಸತ್ತಿದೆ. ನಮ್ಮ ಕಡೆ ಇದು ಬೇಗ ಸಾಯುವುದಕ್ಕೆ ಕಾರಣವಿದೆ. ಪ್ಲಗ್‌ನಲ್ಲಿ ಕರೆಂಟು ಇರುವಷ್ಟು ಹೊತ್ತು ಗಡಿಯಾರವನ್ನು ಎಸ್‌ಎಂಪಿಎಸ್ ಓಡಿಸುತ್ತದೆ, ಬ್ಯಾಟರಿ ವಿಶ್ರಾಂತಿಯಲ್ಲಿರುತ್ತದೆ. ಸಿಡಿಲಿಗೆ ಹೆದರಿ ರಾತ್ರಿಯಿಡೀ ಮೈನ್ ಆರಿಸುವ ಮನೆಗಳಲ್ಲಿ, ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದ ಊರುಗಳಲ್ಲಿ ಇಡೀ ಭಾರ ಬ್ಯಾಟರಿಯ ಮೇಲೆ ಬೀಳುತ್ತದೆ. ಹಾಗೆಂದು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವುದನ್ನು ಬಿಡಬೇಡಿ. ಒಂದು ಬ್ಯಾಟರಿಯ ಬೆಲೆ ಏನೂ ಅಲ್ಲ.

ಬ್ಯಾಟರಿ ಸತ್ತರೆ ಡಿಸ್ಕ್ ಏಕೆ ಕಾಣದಾಗುತ್ತದೆ? ಬಯಾಸ್‌ನಲ್ಲಿ ಉಳಿಸಿದ್ದ ಮೂರು ಸಂಗತಿಗಳು ಅಳಿಸಿಹೋಗುತ್ತವೆ. ಒಂದು, ಯಾವುದರಿಂದ ಬೂಟ್ ಆಗಬೇಕು ಎಂಬ ಸರದಿ. ಇದನ್ನು ಮತ್ತೆ ಹಾರ್ಡ್ ಡಿಸ್ಕ್ ಮೊದಲು ಎಂದು ಮಾಡಿದರೆ ಮುಗಿಯಿತು. ಎರಡು, ಸಾಟಾ ಮೋಡ್, ಅಂದರೆ ಕಿರಿದಾದ ಕೇಬಲಿನ ಸಾಟಾ ಡಿಸ್ಕಿನೊಂದಿಗೆ ಬೋರ್ಡ್ ಮಾತನಾಡುವ ರೀತಿ. ಇಲ್ಲಿ ಐಡಿಇ, ಎಎಚ್‌ಸಿಐ, ರೇಡ್ ಎಂಬ ಆಯ್ಕೆಗಳಿರುತ್ತವೆ. ವಿಂಡೋಸ್ ಹಾಕುವಾಗ ಇದ್ದ ಮೋಡ್ ಬದಲಾಗಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ಕಂಡರೂ ವಿಂಡೋಸ್ ತೆರೆಯುತ್ತಿದ್ದಂತೆ ನೀಲಿ ಪರದೆ ಬಂದು, ಸಂಖ್ಯೆಯ ಕೊನೆಯಲ್ಲಿ 7ಬಿ ಎಂದಿರುತ್ತದೆ. ಎಕ್ಸ್‌ಪಿ ಆಗಿದ್ದರೆ ಐಡಿಇಗೆ, ವಿಂಡೋಸ್ 7 ಆಗಿದ್ದರೆ ಎಎಚ್‌ಸಿಐಗೆ ಬದಲಿಸಿ ನೋಡಿ. ತಪ್ಪಾದರೆ ಹಿಂದಿನದಕ್ಕೇ ಮರಳಬಹುದು, ಡೇಟಾಕ್ಕೆ ಹಾನಿಯಿಲ್ಲ. ಆದರೆ ರೇಡ್ ಮೋಡ್‌ನಲ್ಲಿ ಬರುವ ಬೇರೆ ಮೆನುವಿನೊಳಗೆ ಹೋಗಿ ‘ಕ್ರಿಯೇಟ್’ ಎಂಬುದನ್ನು ಮಾತ್ರ ಒತ್ತಬಾರದು.

ಮೂರನೆಯದು ಹೆಚ್ಚು ಮಂದಿಗೆ ಗೊತ್ತಿರುವುದಿಲ್ಲ. 2006ರ ಐಸಿಎಚ್8ರಿಂದ ಆಚೆಗೆ ಇಂಟೆಲ್ ತನ್ನ ಡೆಸ್ಕ್‌ಟಾಪ್ ಚಿಪ್‌ಸೆಟ್‌ಗಳಲ್ಲಿ (ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳಲ್ಲಿ) ಅಗಲ ಕೇಬಲಿನ ಹಳೆಯ ಐಡಿಇ ಡಿಸ್ಕ್‌ಗಳಿಗೆ ಜಾಗ ಕೊಡಲಿಲ್ಲ. ಅಂಥ ಚಿಪ್‌ಸೆಟ್ ಇರುವ ಬೋರ್ಡ್‌ಗಳಲ್ಲಿ ಒಂದು ಅಗಲ ಕೇಬಲಿನ ಸ್ಲಾಟ್ ಇದ್ದರೆ ಅದನ್ನು ಜೆಮೈಕ್ರಾನ್‌ನಂಥ ಪ್ರತ್ಯೇಕ ಚಿಪ್ ನಡೆಸುತ್ತಿರುತ್ತದೆ. ಬಯಾಸ್‌ನಲ್ಲಿ ಆ ಚಿಪ್ ‘ಡಿಸೇಬಲ್ಡ್’ ಆಗಿದ್ದರೆ ಐಡಿಇ ಡಿಸ್ಕ್ ಎಷ್ಟೇ ಗಟ್ಟಿಯಾಗಿದ್ದರೂ ಕಾಣುವುದಿಲ್ಲ. ‘ಆನ್‌ಬೋರ್ಡ್’ ಅಥವಾ ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಎಂಬ ಪುಟದಲ್ಲಿ ಹುಡುಕಿ ‘ಎನೇಬಲ್ಡ್’ ಮಾಡಿ. ಸಾಟಾ ಪೋರ್ಟ್‌ಗಳನ್ನೂ ಇದೇ ರೀತಿ ಒಂದೊಂದಾಗಿ ನೋಡಿ.

ಹೊಸ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆಯಿರಿ, 2.7 ವೋಲ್ಟ್‌ಗಿಂತ ಕಡಿಮೆ ಬಂದರೆ ಬದಲಿಸುವುದೇ ಲೇಸು. ಅಕ್ಷರವಿರುವ ಮುಖ ಮೇಲೆ ಬರಬೇಕು. ಎಲ್ಲ ಸರಿಹೊಂದಿದ ಮೇಲೆ ಬಯಾಸ್‌ನ ಪುಟಗಳನ್ನು ಒಂದೊಂದಾಗಿ ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ಸಲ ಐದು ನಿಮಿಷದ ಕೆಲಸ.

ಈಗ ಡಿಸ್ಕಿನ ಪಟ್ಟಿ ನೋಡಿ. ಕಂಪನಿಯ ಹೆಸರು, ಮಾದರಿ ಸಂಖ್ಯೆ ಸ್ಪಷ್ಟವಾಗಿದ್ದರೆ ಯಂತ್ರಕ್ಕೆ ಡಿಸ್ಕ್ ಸಿಕ್ಕಿದೆ ಎಂದರ್ಥ. ತೊಂದರೆ ವಿಂಡೋಸ್‌ನ ಕಡೆ ಇದೆ. ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಕಂಡರೆ ಕೇಬಲ್ ಅಥವಾ ಬಾಗಿದ ಪಿನ್ ಕಾರಣವಾಗಿರಬಹುದು. ‘ನಾಟ್ ಡಿಟೆಕ್ಟೆಡ್’ ಅಥವಾ ‘ನನ್’ ಎಂದಿದ್ದರೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.

ಕ್ಯಾಬಿನೆಟ್ ಬಿಚ್ಚಿದ ಮೇಲೆ

ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಯುಪಿಎಸ್ ಇದ್ದರೆ ಅದು ಕರೆಂಟು ಕೊಡುತ್ತಲೇ ಇರುತ್ತದೆ. ಕ್ಯಾಬಿನೆಟ್‌ನ ಹಿಂಭಾಗದಿಂದಲೇ ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಕೈಹಾಕುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಮಳೆಗಾಲದ ತೇವದಲ್ಲಿ ಸ್ಥಿರ ವಿದ್ಯುತ್ತಿನ ಭಯ ಕಡಿಮೆ. ಜನವರಿ, ಫೆಬ್ರುವರಿಯ ಒಣ ಗಾಳಿಯಲ್ಲಿ, ಅದರಲ್ಲೂ ಕಡೂರು, ಅರಸೀಕೆರೆಯ ಕಡೆ, ಈ ಎಚ್ಚರ ಅಗತ್ಯ.

ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆಗಳೊಳಗೇ ಕ್ಯಾಬಿನೆಟ್‌ನ ಒಳಾಂಗಣ ಎರಡು ರೀತಿ ಇರುತ್ತದೆ. ಬಯಲುಸೀಮೆಯ ಕಡೆಯದರಲ್ಲಿ ಕೆಂಪು ಧೂಳಿನ ಕಂಬಳಿ. ಮಲೆನಾಡಿನದರಲ್ಲಿ ಬೂಷ್ಟು, ಸ್ಕ್ರೂಗಳ ಮೇಲೆ ತುಕ್ಕು, ತಾಮ್ರದ ಮೇಲೆ ಕಿಲುಬು, ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಬಿಸಿ ಹುಡುಕಿ ಬಂದ ಹಲ್ಲಿ, ಜಿರಳೆ. ಧೂಳನ್ನು ಜಗಲಿಗೆ ತಂದು ಒಣ ಬ್ರಷ್ಷಿನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲಿ ಕಡಿದ ವೈರುಗಳಿವೆಯೇ ಎಂದು ಇದೇ ಹೊತ್ತಿಗೆ ನೋಡಿಕೊಳ್ಳಿ. ಖಾಲಿ ಇರುವ ಸ್ಲಾಟ್‌ನ ಸಂದು ಇಲಿಮರಿಗೆ ಸಾಕಷ್ಟು ದೊಡ್ಡ ಬಾಗಿಲು.

ಇನ್ನು ಕೇಬಲ್. ಡಿಸ್ಕ್ ಸಾಟಾ ಆಗಿದ್ದರೆ ಅದಕ್ಕೆ ಎರಡು ಚಪ್ಪಟೆ ಕನೆಕ್ಟರ್ ಇರುತ್ತವೆ: ಕಿರಿದಾದ, 7 ಸಂಪರ್ಕಗಳಿರುವ ಡೇಟಾ ಕೇಬಲ್, ಅಗಲವಾದ, 15 ಸಂಪರ್ಕಗಳಿರುವ ಪವರ್ ಕೇಬಲ್. ಡೇಟಾ ಕೇಬಲನ್ನು ಎರಡೂ ತುದಿಗಳಲ್ಲಿ, ಪವರ್ ಕೇಬಲನ್ನು ಡಿಸ್ಕಿನ ತುದಿಯಲ್ಲಿ ಬಿಚ್ಚಿ, ನೇರವಾಗಿ ಮತ್ತೆ ಕೂರಿಸಿ. ಹಳೆಯ ಕೆಂಪು ಡೇಟಾ ಕೇಬಲ್‌ಗಳಲ್ಲಿ ಹಿಡಿದಿಡುವ ಲೋಹದ ಕ್ಲಿಪ್ ಇರುತ್ತಿರಲಿಲ್ಲ. ಡಿಸ್ಕಿನ ನಿರಂತರ ನಡುಕಕ್ಕೆ, ಕ್ಯಾಬಿನೆಟ್‌ನ್ನು ಗುಡಿಸಲೆಂದು ಆಚೀಚೆ ತಳ್ಳುವುದಕ್ಕೆ ಅವು ಕೂದಲೆಳೆಯಷ್ಟು ಹೊರಬಂದರೂ ಸಾಕು, ಡಿಸ್ಕ್ ಮಾಯ. ಈ ಇಡೀ ಲೇಖನದಲ್ಲಿ ಕೊಳ್ಳಲು ಒಂದೇ ವಸ್ತು ಹೇಳಿ ಎಂದರೆ ನಾನು ಹೇಳುವುದು ಕ್ಲಿಪ್ ಇರುವ ಹೊಸ ಸಾಟಾ ಕೇಬಲ್. ಉಳಿದ ಎಲ್ಲ ಅನುಮಾನಕ್ಕಿಂತ ಮೊದಲು ಅದನ್ನು ಬದಲಿಸಿ ನೋಡಿ, ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೂ ಹಾಕಿ ನೋಡಿ.

ಪೋರ್ಟ್ ಬದಲಿಸುವುದರ ಹಿಂದೆ ಒಂದು ಚರಿತ್ರೆಯೂ ಇದೆ. 2011ರ ಆರಂಭದಲ್ಲಿ ಬಂದ ಇಂಟೆಲ್ 6 ಸರಣಿಯ ಚಿಪ್‌ಸೆಟ್‌ಗಳ ಮೊದಲ ಕಂತಿನಲ್ಲಿ ದೋಷವಿತ್ತು. 2ರಿಂದ 5ರವರೆಗಿನ ಸಾಟಾ ಪೋರ್ಟ್‌ಗಳು ಕಾಲಕ್ರಮೇಣ ದುರ್ಬಲವಾಗುತ್ತವೆ ಎಂದು ಆ ವರ್ಷದ ಜನವರಿ 31ರಂದು ಕಂಪನಿಯೇ ಪ್ರಕಟಿಸಿ ಆ ಚಿಪ್‌ಗಳನ್ನು ಹಿಂದಕ್ಕೆ ಪಡೆಯಿತು. 0 ಮತ್ತು 1ನೇ ಪೋರ್ಟ್‌ಗಳಿಗೆ ಈ ದೋಷವಿರಲಿಲ್ಲ. ಎಚ್67, ಪಿ67 ಬೋರ್ಡ್ ನಿಮ್ಮಲ್ಲಿದ್ದು, ಅದು ಆ ಕಂತಿನದಾಗಿದ್ದರೆ, ಡಿಸ್ಕನ್ನು ಮೊದಲೆರಡು ಪೋರ್ಟ್‌ಗಳಲ್ಲೊಂದಕ್ಕೆ ಬದಲಿಸುವುದೇ ಮದ್ದು.

ಕನೆಕ್ಟರ್‌ನ ಚಿನ್ನದ ಪಟ್ಟಿಗಳು ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ.

ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ನಿಮ್ಮದು ಐಡಿಇ ಡಿಸ್ಕ್. ಇದರ ತಕರಾರುಗಳೇ ಬೇರೆ. ಒಂದು ಕೇಬಲಿಗೆ ಎರಡು ಸಾಧನ ಹಾಕಬಹುದು, ಆದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಲೇಬೇಕು. ಎರಡೂ ಮಾಸ್ಟರ್ ಆದರೆ ಒಂದೂ ಕಾಣದಿರಬಹುದು. ಡಿಸ್ಕಿನ ಹಿಂಭಾಗದಲ್ಲಿ, ಪವರ್ ಕನೆಕ್ಟರ್‌ನ ಪಕ್ಕದ ಪಿನ್‌ಗಳ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಟೋಪಿಯೇ ಜಂಪರ್; ಅದನ್ನು ಎಲ್ಲಿ ಕೂರಿಸಬೇಕೆಂಬ ಚಿತ್ರ ಸಾಮಾನ್ಯವಾಗಿ ಡಿಸ್ಕಿನ ಲೇಬಲ್ ಮೇಲೆ ಇರುತ್ತದೆ. ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳಲ್ಲಿ ಮಾಸ್ಟರ್ ಅಲ್ಲದೆ ‘ಸಿಂಗಲ್’ ಎಂಬ ಪ್ರತ್ಯೇಕ ಸ್ಥಾನವೂ ಇದೆ. ಕೆಟ್ಟುಹೋದ ಸಿ.ಡಿ. ಡ್ರೈವನ್ನು ಕಿತ್ತುಹಾಕಿ ಡಿಸ್ಕನ್ನು ಒಂಟಿಯಾಗಿ ಬಿಟ್ಟಾಗ, ಜಂಪರ್ ಹಳೆಯ ಜಾಗದಲ್ಲೇ ಉಳಿದು ಡಿಸ್ಕ್ ಕಾಣದಾಗುವುದು ಇದರಿಂದಲೇ.

ಐಡಿಇ ಕೇಬಲಿನ ಒಂದು ಅಂಚಿನ ಬಣ್ಣದ ಗೆರೆ 1ನೇ ಪಿನ್ ಕಡೆ ಬರಬೇಕು. ಡಿಸ್ಕಿನಲ್ಲಿ ಅದು ಪವರ್ ಕನೆಕ್ಟರ್‌ನ ಪಕ್ಕ. ಸಣ್ಣ ಎಳೆಗಳ 80 ತಂತಿಯ ಕೇಬಲ್ ಆಗಿದ್ದರೆ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಸ್ಲೇವ್‌ಗೆ. ಪರೀಕ್ಷೆಗಾಗಿ ಸಿ.ಡಿ. ಡ್ರೈವ್ ಬಿಚ್ಚಿ, ಡಿಸ್ಕನ್ನು ಒಂದನ್ನೇ ಕಪ್ಪು ತುದಿಗೆ ಹಾಕಿ. ಈ ಕೇಬಲ್‌ಗಳು ಈಗ ಹಾಸನ, ಚಿಕ್ಕಮಗಳೂರಿನ ಅಂಗಡಿಗಳ ಮುಂಭಾಗದಲ್ಲಿ ಕಾಣುವುದಿಲ್ಲ. ಹಿಂದಿನ ಕೋಣೆಯ ಹಳೆಯ ಸಾಮಾನಿನ ಡಬ್ಬ ತೆಗೆಸಬೇಕು. ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ.

ಕರೆಂಟಿನ ಕಥೆ

ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಡಿಸ್ಕ್ ಇಲ್ಲ, ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮರುಚಾಲನೆ ಮಾಡಿದರೆ ಇದೆ. ಈ ಲಕ್ಷಣವನ್ನು ಬಹಳ ಮಂದಿ ತಿಂಗಳುಗಟ್ಟಲೆ ಸಹಿಸಿಕೊಂಡು ಹೋಗುತ್ತಾರೆ. 3.5 ಇಂಚಿನ ಡಿಸ್ಕಿನ ಮೋಟಾರ್ 12 ವೋಲ್ಟಿನಲ್ಲಿ ತಿರುಗುತ್ತದೆ. ನಿಂತಲ್ಲಿಂದ ವೇಗ ಹಿಡಿಯುವ ಕೆಲವು ಸೆಕೆಂಡುಗಳಲ್ಲಿ ಅದಕ್ಕೆ ಸುಮಾರು 2 ಆಂಪಿಯರ್ ಬೇಕು. ಮುದಿಯಾದ ಎಸ್‌ಎಂಪಿಎಸ್ ಚಳಿಯಲ್ಲಿ ಅಷ್ಟನ್ನು ಕೊಡಲಾರದೆ ತಡವರಿಸುತ್ತದೆ. ಡಿಸ್ಕ್ ವೇಗ ಹಿಡಿಯುವಷ್ಟರಲ್ಲಿ ಬಯಾಸ್ ಹುಡುಕಾಟ ಮುಗಿಸಿ ಮುಂದೆ ಹೋಗಿರುತ್ತದೆ. ಮರುಚಾಲನೆಯ ಹೊತ್ತಿಗೆ ಡಿಸ್ಕ್ ಆಗಲೇ ತಿರುಗುತ್ತಿರುವುದರಿಂದ ಸಿಗುತ್ತದೆ. ಬಯಾಸ್‌ನಲ್ಲಿ ‘ಕ್ವಿಕ್ ಬೂಟ್’ ತೆಗೆದು, ಹಾರ್ಡ್ ಡಿಸ್ಕಿಗೆ ಕಾಯುವ ಸಮಯವನ್ನು ಹೆಚ್ಚಿಸಿದರೆ ಕೆಲದಿನ ದೂಡಬಹುದು. ನಿಜವಾದ ಪರಿಹಾರ ಬೇರೆ ಎಸ್‌ಎಂಪಿಎಸ್.

ಅಳೆಯುವುದು ಕಷ್ಟವಲ್ಲ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರ್‌ನ ಕಪ್ಪು ತಂತಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ ತಾಗಿಸಿ. 11.4ರಿಂದ 12.6ರೊಳಗೆ ಇರಬೇಕು. ಕೆಂಪು ತಂತಿಯಲ್ಲಿ 4.75ರಿಂದ 5.25. ಆನ್ ಮಾಡಿದ ಕ್ಷಣದಲ್ಲಿ ಹಳದಿಯ ಅಂಕಿ ಕುಸಿದು ಮೇಲೇರಿದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಯಿತು. ಎರಡು ಕಡ್ಡಿಗಳ ತುದಿ ಒಂದಕ್ಕೊಂದು ತಗುಲದಂತೆ ನೋಡಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು: 230 ವೋಲ್ಟಿನ ಲೈನ್ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಮದರ್‌ಬೋರ್ಡ್ ಮೇಲಿನ ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ತಲೆಯನ್ನೂ ಗಮನಿಸಿ. ಚಪ್ಪಟೆಯಾಗಿರಬೇಕಾದದ್ದು ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ಬೋರ್ಡಿನ ಆಯುಸ್ಸು ಮುಗಿಯುತ್ತಿದೆ. 2000ದ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಈ ಕಾಯಿಲೆ ಜಗತ್ತಿನಾದ್ಯಂತ ಇತ್ತು.

ಅಶ್ವಿನಿ, ಭರಣಿ ಮಳೆಯ ಸಿಡಿಲಿನ ಮರುದಿನ ಡಿಸ್ಕ್ ಕಾಣದಾಗಿದ್ದರೆ, ಜೊತೆಗೆ ಇಂಟರ್ನೆಟ್ ಕೇಬಲಿನ ಪೋರ್ಟ್ ಕೂಡ ಸತ್ತಿದೆಯೇ ನೋಡಿ. ಹೊಡೆತ ಎಷ್ಟೋ ಸಲ ಕರೆಂಟಿನ ತಂತಿಯಿಂದ ಬರದೆ ದೂರವಾಣಿ ತಂತಿ, ಮೋಡೆಮ್, ಲ್ಯಾನ್ ಕೇಬಲ್ ಮೂಲಕ ಬಂದಿರುತ್ತದೆ. ಎರಡೂ ಸತ್ತಿದ್ದರೆ ಬೋರ್ಡಿಗೆ ಪೆಟ್ಟು ಬಿದ್ದಿದೆ. ಡಿಸ್ಕ್ ಬದುಕಿರುವ ಆಸೆ ಇನ್ನೂ ಇದೆ.

ಡಿಸ್ಕನ್ನೇ ಪರೀಕ್ಷಿಸುವುದು

ಇಷ್ಟೆಲ್ಲ ಆದ ಮೇಲೆ ಡಿಸ್ಕನ್ನು ಹೊರತೆಗೆದು ಇನ್ನೊಂದು ಕಂಪ್ಯೂಟರಿಗೆ ಹಾಕಿ. ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಇದ್ದರೆ ಸುಲಭ. ಸಾಟಾ ಮತ್ತು ಐಡಿಇ ಎರಡಕ್ಕೂ ಹೊಂದುವ, 12 ವೋಲ್ಟಿನ ಪ್ರತ್ಯೇಕ ಪವರ್ ಇರುವ ಅಡಾಪ್ಟರನ್ನೇ ಕೊಳ್ಳಿ. ಲ್ಯಾಪ್‌ಟಾಪ್ ಡಿಸ್ಕಿಗೆ ಮಾಡಿದ ಬರಿಯ ಯುಎಸ್‌ಬಿ ತಂತಿ 3.5 ಇಂಚಿನ ಡಿಸ್ಕನ್ನು ತಿರುಗಿಸಲಾರದು.

ಅಲ್ಲೂ ತಿರುಗದಿದ್ದರೆ ಮಲೆನಾಡಿನ ತೇವಕ್ಕೆ ಸಂಬಂಧಿಸಿದ ಒಂದು ಪ್ರಯತ್ನ ಉಳಿದಿದೆ. ಡಿಸ್ಕಿನ ಕೆಳಗಿನ ಹಸಿರು ಸರ್ಕ್ಯೂಟ್ ಬೋರ್ಡ್ ಒಳಗಿನ ಮೋಟಾರ್ ಮತ್ತು ಹೆಡ್‌ಗೆ ಬರಿಯ ಒತ್ತಡದ ಸಂಪರ್ಕಗಳಿಂದ ಕೂಡಿಕೊಂಡಿರುತ್ತದೆ, ಬೆಸುಗೆ ಇರುವುದಿಲ್ಲ. ಆ ಬಿಂದುಗಳು ಕಪ್ಪಾದರೆ ಸಂಪರ್ಕ ತಪ್ಪುತ್ತದೆ. ನಕ್ಷತ್ರಾಕಾರದ ಟಿ6 ಅಥವಾ ಟಿ8 ಸ್ಕ್ರೂಡ್ರೈವರಿನಿಂದ ಈ ಬೋರ್ಡನ್ನು ಮಾತ್ರ ಬಿಚ್ಚಿ, ಕಪ್ಪಾದ ಬಿಂದುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಮೇಲಿನ ಬೆಳ್ಳಿಬಣ್ಣದ ಮುಚ್ಚಳದ ಸ್ಕ್ರೂ ಮುಟ್ಟಬೇಡಿ. ಅದನ್ನು ತೆರೆದರೆ ಒಂದು ಕಣ ಧೂಳು ಸಾಕು. ಡೇಟಾ ಅತ್ಯಮೂಲ್ಯವಾಗಿದ್ದರೆ, ಕೈ ನಡುಗುವವರಾಗಿದ್ದರೆ, ರಬ್ಬರಿನ ಪ್ರಯೋಗವನ್ನೂ ತಿಳಿದವರಿಗೇ ಬಿಡಿ.

ಕೇಳಿಬರುವ ಇನ್ನೂ ಕೆಲವು ಮದ್ದುಗಳಿವೆ. ಫ್ರೀಜರಿನಲ್ಲಿಡುವುದು: ನಮ್ಮ ತೇವದ ಗಾಳಿಯಲ್ಲಿ ಹೊರತೆಗೆದ ಕೂಡಲೇ ಒಳಗೆ ನೀರು ಕಟ್ಟುತ್ತದೆ. ಒಲೆಯ ಪಕ್ಕ ಒಣಗಿಸುವುದು: ಬೇಡ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕುವುದು: ಹಿಂದೆ ನಡೆಯುತ್ತಿತ್ತು, ಈಗಿನ ಡಿಸ್ಕ್‌ಗಳಲ್ಲಿ ಪ್ರತಿ ಬೋರ್ಡಿನ ಚಿಪ್ಪಿನಲ್ಲಿ ಆ ಒಂದು ಡಿಸ್ಕಿಗಷ್ಟೇ ಸಲ್ಲುವ ಮಾಹಿತಿ ಇರುವುದರಿಂದ ಚಿಪ್ ಬದಲಿಸದೆ ಪ್ರಯೋಜನವಿಲ್ಲ.

ಸೀಗೇಟ್ ಬ್ಯಾರಕುಡಾ 7200.11 ಎಂದು ಲೇಬಲ್ ಇದ್ದು, ತಿರುಗುವ ಸದ್ದು ಸರಿಯಾಗಿದ್ದರೂ ಒಂದು ದಿನ ಇದ್ದಕ್ಕಿದ್ದಂತೆ ಬಯಾಸ್‌ನಿಂದ ಮಾಯವಾಗಿದ್ದರೆ ಅದೊಂದು ಹೆಸರಾಂತ ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶದ) ದೋಷ. 2009ರ ಜನವರಿಯಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿತು. ಈ ದೋಷದಲ್ಲಿ ಡೇಟಾ ಹಾಗೆಯೇ ಉಳಿದಿರುತ್ತದೆ. ಡೇಟಾ ರಿಕವರಿ ಮಾಡುವವರು ಇದನ್ನು ಬಿಡಿಸಬಲ್ಲರು.

ಬಯಾಸ್‌ಗೆ ಕಾಣುತ್ತದೆ, ವಿಂಡೋಸ್‌ಗೆ ಕಾಣುವುದಿಲ್ಲ

ಇನ್ನೊಂದು ಕಂಪ್ಯೂಟರಿಗೆ ಹಾಕಿದ ಡಿಸ್ಕ್ ‘ಮೈ ಕಂಪ್ಯೂಟರ್’ನಲ್ಲಿ ಕಾಣದಿದ್ದರೆ, ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಮ್ಯಾನೇಜ್’, ಅಲ್ಲಿಂದ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಡ್ರೈವಿಗೆ ಅಕ್ಷರವಷ್ಟೇ ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಸಾಕು. ‘ಇನಿಷಿಯಲೈಸ್ ಡಿಸ್ಕ್’ ಎಂದು ಕೇಳಿದರೆ ‘ಕ್ಯಾನ್ಸಲ್’. ‘ಯು ನೀಡ್ ಟು ಫಾರ್ಮ್ಯಾಟ್’ ಎಂದು ಕೇಳಿದರೂ ‘ಕ್ಯಾನ್ಸಲ್’. ವಿಂಡೋಸ್ ತನ್ನ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಲು ಹೊರಟರೂ ತಡೆಯಿರಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯುತ್ತದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. 05, ಸಿ5, ಸಿ6 ಸಾಲುಗಳ ಎಣಿಕೆ ಏರುತ್ತಿದ್ದರೆ ಡಿಸ್ಕ್ ನಿಜಕ್ಕೂ ಕೆಡುತ್ತಿದೆ. ಸಿ7 ಮಾತ್ರ ಏರಿದ್ದರೆ ಡಿಸ್ಕ್ ನಿರಪರಾಧಿ, ಕೇಬಲನ್ನು ಹಿಡಿಯಿರಿ. ಮೊದಲನೆಯ ಗುಂಪಾಗಿದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯುವುದು ಕ್ರಮ. ಅದು ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. ನಮ್ಮ ಕಡೆಗೆ ಇದು ದೊಡ್ಡ ಅನುಕೂಲ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಡಿಸ್ಕಿನ ಗಾತ್ರ ಮತ್ತು ಸೀರಿಯಲ್ ಸಂಖ್ಯೆ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಲೆಕ್ಕದ ಮೇಲೆ ಬರೆಯಲ್ಪಡುತ್ತದೆ.

ಅಂಗಡಿಗೆ ಕೊಡುವಾಗ

‘ಕಂಪ್ಯೂಟರ್ ಆನ್ ಆಗುತ್ತಿಲ್ಲ’ ಎಂದು ಹೇಳಿ ಬಿಟ್ಟುಬಂದರೆ ಅಂಗಡಿಯ ಹುಡುಗನಿಗೆ ನಿಮ್ಮ ಡೇಟಾದ ಬೆಲೆ ಗೊತ್ತಾಗುವುದಿಲ್ಲ. ಅವನ ಕೆಲಸ ಯಂತ್ರವನ್ನು ಆನ್ ಮಾಡಿಕೊಡುವುದು, ಅದಕ್ಕೆ ಹತ್ತಿರದ ದಾರಿ ಹೊಸ ವಿಂಡೋಸ್. ‘ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ’ ಎಂದು ಕಾಗದದಲ್ಲಿ ಬರೆದು ಡಿಸ್ಕಿನ ಮೇಲೆಯೇ ಅಂಟಿಸಿ, ಡಿಸ್ಕಿನ ಉಸಿರಾಟದ ಸಣ್ಣ ತೂತನ್ನು ಮುಚ್ಚದಂತೆ. ಲೇಬಲಿನ ಫೋಟೋ, ಸೀರಿಯಲ್ ಸಂಖ್ಯೆ ನಿಮ್ಮಲ್ಲಿರಲಿ. ಡಿಸ್ಕ್ ಮಾತ್ರ ಕೊಡಿ, ಇಡೀ ಸಿಪಿಯು ಬೇಡ. ಏನೇನು ಪ್ರಯತ್ನಿಸಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.

ಟಕ್ ಟಕ್ ಎನ್ನುವ ಡಿಸ್ಕನ್ನು ಧೂಳಿಲ್ಲದ ವಿಶೇಷ ಕೋಣೆಯಲ್ಲೇ ತೆರೆಯಬೇಕು, ಅದರ ಖರ್ಚು ಸಾವಿರಗಳಲ್ಲಿ. ನೋಡುವುದಕ್ಕೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ. ಕಳುಹಿಸುವುದಾದರೆ ಮಿನುಗುವ ಆಂಟಿಸ್ಟಾಟಿಕ್ ಚೀಲ, ಸುತ್ತ ದಪ್ಪ ಫೋಮ್. ಸಾಧ್ಯವಾದರೆ ಕೈಯಲ್ಲೇ ಒಯ್ಯಿರಿ. ನೀರಿನಲ್ಲಿ ಮುಳುಗಿದ್ದ ಡಿಸ್ಕಿಗೆ ಕರೆಂಟು ಕೊಡಲೇಬೇಡಿ.

ಹೊಸ ಡಿಸ್ಕ್ ಹಾಕುವುದಾದರೆ

ಹಳೆಯ ಬೋರ್ಡಿಗೆ ಹೊಸ ಡಿಸ್ಕ್ ಹಾಕಿದಾಗಲೂ ‘ಕಾಣುತ್ತಿಲ್ಲ’ ಎಂಬ ದೂರು ಬರುತ್ತದೆ. ವಿಯಾ ಕಂಪನಿಯ ವಿಟಿ8237 ಚಿಪ್ ಇರುವ ಬೋರ್ಡ್‌ಗಳಿಗೆ ವೇಗದ ಸಾಟಾ ಡಿಸ್ಕ್‌ಗಳ ಜೊತೆ ಮಾತನಾಡಲು ಬರುವುದಿಲ್ಲ. ಡಿಸ್ಕಿನ ಜಂಪರ್‌ನಿಂದ ವೇಗವನ್ನು ಸೆಕೆಂಡಿಗೆ 1.5 ಗಿಗಾಬಿಟ್‌ಗೆ ಇಳಿಸಬೇಕು. ತೀರಾ ಹಳೆಯ ಐಡಿಇ ಬೋರ್ಡ್‌ಗಳು, ಮೊದಲ ಸರ್ವಿಸ್ ಪ್ಯಾಕ್ ಇಲ್ಲದ ಎಕ್ಸ್‌ಪಿ, 137 ಜಿಬಿಗಿಂತ ಆಚೆಗೆ ನೋಡಲಾರವು. 32 ಬಿಟ್ ಎಕ್ಸ್‌ಪಿಗೆ 2 ಟಿಬಿ ಮಿತಿ. ಸಾಟಾ ಪೋರ್ಟ್ ಇದ್ದರೆ ಸಣ್ಣದೊಂದು ಎಸ್‌ಎಸ್‌ಡಿ ಹಾಕುವುದೇ ಲೇಸು: 12 ವೋಲ್ಟಿನ ಹಂಗಿಲ್ಲ, ಮೋಟಾರಿಲ್ಲ. ನಾಲ್ಕು ಪಿನ್ನಿನಿಂದ ಸಾಟಾಕ್ಕೆ ಬದಲಿಸುವ ಪವರ್ ಪರಿವರ್ತಕ ಬೇಕಾದರೆ ಇಡೀ ತುದಿ ಅಚ್ಚು ಹೊಯ್ದಿರುವುದನ್ನು ಬಿಟ್ಟು, ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿರುವುದನ್ನು ಆರಿಸಿ; ಅಗ್ಗದ ಅಚ್ಚಿನವು ಶಾರ್ಟ್ ಆಗಿ ಕರಗಿದ, ಹೊತ್ತಿಕೊಂಡ ಉದಾಹರಣೆಗಳಿವೆ.

ಹಳೆಯ ಫೈಲುಗಳನ್ನು ಹೊಸ ಯಂತ್ರಕ್ಕೆ ತಂದ ಮೇಲೆ ಕನ್ನಡದ ಪತ್ರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಂಡರೆ ಡಿಸ್ಕ್ ಕೆಡಿಸಿತು ಎಂದು ತಿಳಿಯಬೇಡಿ. ಅವನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಲಾಗಿದೆ, ಹೊಸ ಯಂತ್ರದಲ್ಲಿ ಆ ಫಾಂಟ್‌ಗಳಿಲ್ಲ. ಫಾಂಟ್ ಹಾಕಿದರೆ ಅಕ್ಷರ ಮರಳುತ್ತದೆ. ನುಡಿ ತಂತ್ರಾಂಶದೊಂದಿಗೆ ಬರುವ ಪರಿವರ್ತಕದಿಂದ ಯುನಿಕೋಡ್‌ಗೆ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ವ್ಯವಸ್ಥೆಗೆ) ಬದಲಿಸಿಕೊಂಡರೆ ಮೊಬೈಲಿನಲ್ಲೂ ಓದಬಹುದು. ಬದಲಿಸುವ ಮೊದಲು ಮೂಲ ಫೈಲಿನ ಒಂದು ಪ್ರತಿಯನ್ನು ಹಾಗೆಯೇ ಇಟ್ಟುಕೊಳ್ಳಿ, ಒತ್ತಕ್ಷರಗಳು ಮತ್ತು ಅಂಕಿಗಳಿರುವ ಲೆಕ್ಕದ ಹಾಳೆಗಳನ್ನು ಅದರೊಂದಿಗೆ ತಾಳೆ ನೋಡಬೇಕಾಗುತ್ತದೆ.